ಮೂರನೆಯ ಚಾನೆಲ್ ಸಿಳ್ಳೆ ಹಾಕುತ್ತದೆಯೇ?

“ಆನ್ ಮಾಡಿ ತೋರ್ಸು,” ಎಂದಳು ಹಿಲ್ಲಾ.

“ಈಗ ಆಗಲ್ಲ,” ಎಂದ ಓತ್ಸೊ.

ಅವರಿಬ್ಬರ ಪರಿಚಯ ಶುರುವಾದದ್ದೇ ಹೀಗೆ. ಫಿನ್ಲೆಂಡಿನ ಔಲು ನಗರದ ಹಳೆಯ ಕಾರ್ಖಾನೆಯೊಂದರ ನೆಲಮಾಳಿಗೆ. ಗೋಡೆಯಾಚೆ ಯಾವುದೋ ಮೆಟಲ್ ಸಂಗೀತದ ತಂಡದ ಡ್ರಮ್ಮಿನ ಗುಡುಗು. ಇಬ್ಬರ ನಡುವೆ, ಬೂದು ಕಂಬಳಿಯ ಮೇಲೆ, ಗಾಜಿನ ವಾಲ್ವುಗಳಿಂದ ನಡೆಯುವ, ಕಪ್ಪು ಬಣ್ಣದ ಒಂದು ಗಿಟಾರ್ ಆಂಪ್ಲಿಫೈಯರ್. ಅವನು ಜಾಹೀರಾತು ಹಾಕಿದ್ದ. ಅವಳು ಕೊಳ್ಳಲು ಬಂದಿದ್ದಳು.

“ಯಾಕಾಗಲ್ಲ?”

“ನಿನ್ನೆ ಕಾರ್ಯಕ್ರಮ ಮುಗಿದ್ಮೇಲೆ ರಾತ್ರಿಯೆಲ್ಲಾ ವ್ಯಾನಲ್ಲೇ ಇತ್ತು. ಈಗಷ್ಟೇ ಒಳಗೆ ತಂದೆ. ತೇವ ಆರಬೇಕು. ಮಧ್ಯಾಹ್ನದವರೆಗೂ ಕಾಯ್ಬೇಕು.”

ಕಾಯಬೇಕಂತೆ… ಹಿಲ್ಲಾಳ ಮನಸ್ಸಿನಲ್ಲಿ ಅನುಮಾನ ಅಲ್ಲೇ ಗಂಟು ಬಿತ್ತು.

ಕಳೆದ ಸಲ ಮಾರಿದವನು ಅವಳು ಬರುವ ಮೊದಲೇ ಯಂತ್ರವನ್ನು ಕಾಯಿಸಿಟ್ಟಿದ್ದ. ಬಿಸಿಯಿದ್ದಾಗ ಅದು ಸಿಂಹ. ತಣ್ಣಗಿದ್ದಾಗ ಆನ್ ಮಾಡಿದರೆ ಬರೀ ಗೊರಗೊರ. ಆ ಸಂಗತಿ ಗೊತ್ತಾದದ್ದು ವೇದಿಕೆಯ ಮೇಲೆ, ತುಂಬಿದ ಸಭೆಯ ಎದುರು. ಇನ್ನೊಮ್ಮೆ ಮೋಸಹೋದರೆ ಅವಳ ಮಾತಿಗೆ ತಂಡದಲ್ಲಿ ಬೆಲೆಯೇ ಇರುವುದಿಲ್ಲ.

ಅವಳ ಹಾಡುಗಳು ಮೆಲ್ಲಗೆ ಶುರುವಾಗಿ, ಗರ್ಜಿಸಿ, ಕೊನೆಗೆ ಒಂಟಿ ಗಿಟಾರಿನ ಚೀತ್ಕಾರದಲ್ಲಿ ಮುಗಿಯುತ್ತಿದ್ದವು. ಮೂರು ದನಿಗೆ ಮೂರು ಚಾನೆಲ್ ಬೇಕು, ಕಾಲಿನ ಒಂದು ಒತ್ತಿಗೆ ಬದಲಾಗಬೇಕು. ಹೊಸದು ಶಿಶುವಿಹಾರದ ಟೀಚರಾದ ಅವಳ ಸಂಬಳಕ್ಕೆ ಎಟುಕುವಂಥದ್ದಲ್ಲ. ಎಟುಕುವ ಹಳೆಯವುಗಳಲ್ಲಿ ಎರಡೇ ಚಾನೆಲ್; ಇಲ್ಲವೇ ದೊಡ್ಡ ಮೈದಾನಗಳಿಗೆಂದು ಮಾಡಿದ ನೂರು ವಾಟಿನ ರಾಕ್ಷಸರು. ಇದು ಐವತ್ತು ವಾಟ್, ಮೂರು ಚಾನೆಲ್, ಕೈಗೆಟುಕುವ ಬೆಲೆ.

ಇಷ್ಟು ಒಳ್ಳೆಯದು ಇಷ್ಟು ಅಗ್ಗಕ್ಕೆ ಯಾಕೆ? ವಾಲ್ವು ಹಳತಾದರೆ ಮೂರನೆಯ ಚಾನೆಲ್ ಸಿಳ್ಳೆ ಹಾಕುವುದುಂಟು.

ಓತ್ಸೊ ತಂತಿಗಳನ್ನು ಸುತ್ತುತ್ತಾ ಕುಳಿತಿದ್ದ. ಅವಳು ಅವನ ಎಡಗಡೆಯ ಸ್ಟೂಲಿನ ಮೇಲೆ ಕುಳಿತು ಕೇಳಿದಳು: “ನಿನ್ನೆ ಕಾರ್ಯಕ್ರಮದಲ್ಲಿ ಬಾರಿಸಿದ್ದನ್ನ ಇವತ್ತು ಯಾಕೆ ಮಾರ್ತಿದ್ದೀಯ?”

ತಂತಿ ಸುತ್ತುತ್ತಿದ್ದ ಅವನ ಕೈ ನಿಲ್ಲಲಿಲ್ಲ.

“ವಾಲ್ವ್ ಬದಲಾಯಿಸಿ ಎಷ್ಟು ಕಾಲ ಆಯ್ತು?”

ಅವನು ಇನ್ನೊಂದು ತಂತಿಯನ್ನು ಎತ್ತಿಕೊಂಡ. ಸ್ವಲ್ಪ ಹೊತ್ತಿನ ನಂತರ ತಲೆಯೆತ್ತಿ, ಏನೂ ನಡೆದೇ ಇಲ್ಲವೆಂಬಂತೆ ನಕ್ಕ. “ಕಾಫಿ ತರ್ತೀನಿ. ಬನ್ ತಿಂತೀಯಾ?”

ಎಂಥ ಪಳಗಿದ ಕಳ್ಳ… ಅಂದುಕೊಂಡಳು. ಆದರೆ ಆ ನಗು ಮಾತ್ರ ಪಳಗಿದ್ದಲ್ಲ ಎಂದು ಅವಳೊಳಗೇ ಯಾರೋ ಪಿಸುಗುಟ್ಟಿದರು.

ಅವನು ಹೊರಹೋದೊಡನೆ ತಂಡದ ಡ್ರಮ್ಮರ್ ಸೆನ್ಯಾಳಿಗೆ ಫೋನ್ ಮಾಡಿದಳು.

“ಆನ್ ಮಾಡಲ್ಲ ಅಂತಾನೆ. ಕೇಳಿದ್ದಕ್ಕೆ ಉತ್ತರಾನೂ ಕೊಡಲ್ಲ.”

“ನೋಡಕ್ಕೆ ಹೇಗಿದೆ?”

“ಕಣ್ಣು ಚೆನ್ನಾಗಿದೆ.”

“ಆಂಪ್ಲಿಫೈಯರ್‌ಗೆ ಕಣ್ಣಾ?” ಸೆನ್ಯಾ ನಿಟ್ಟುಸಿರಿಟ್ಟಳು. “ಮುಗೀತು. ಎದ್ದು ಬಾ ಮಾರಾಯ್ತಿ.”

ಹಿಲ್ಲಾ ಫೋನ್ ಇಟ್ಟಳು. ಕದ್ದು ಒಮ್ಮೆ ಆನ್ ಮಾಡಿದರೆ? ದೋಷವಿದ್ದರೆ ಈಗಲೇ ಬಯಲಾಗುತ್ತದೆ. ಅವಳು ಪ್ಲಗ್ ಸಿಕ್ಕಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟಳು…

ಆ ಬೆರಳಿನ ಮೇಲೆ ಇನ್ನೊಂದು ಕೈ ಬಿತ್ತು.

“ಬೇಡ.”

ಅವನು ಕಾಫಿಯ ಲೋಟಗಳನ್ನು ನೆಲಕ್ಕಿಟ್ಟು, ಪ್ಲಗ್ ಕಿತ್ತು, ಹಿಂಬದಿಯ ಜಾಲರಿಯ ಸಂದಿನಿಂದ ಅವಳ ಬೆರಳನ್ನು ಒಳಗಿನ ಲೋಹಕ್ಕೆ ತಾಗಿಸಿದ. ಒದ್ದೆ! ಹೊರಗಿನ ಚಳಿಯನ್ನು ನುಂಗಿ ಬಂದ ಲೋಹ ಒಳಗಿನ ಬೆಚ್ಚನೆಯ ಗಾಳಿಗೆ ಬೆವರುತ್ತಿತ್ತು.

“ಇದ್ರ ಮೇಲೆ ಕರೆಂಟ್ ಬಿಟ್ರೆ ಏನಾಗುತ್ತೆ ಅಂತ ಗೊತ್ತಲ್ಲ?”

ಗೊತ್ತಿತ್ತು; ಒಳಗೆಲ್ಲ ಸುಟ್ಟುಹೋಗುತ್ತದೆ. ಆ ಊರಿನಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿದ್ದ ವಿಷಯವದು. ಅನುಮಾನವು ಅವಳ ಬುದ್ಧಿಯನ್ನೇ ಮಸುಕುಗೊಳಿಸಿತ್ತು. ಅವನು ಅವಳ ಬೆರಳನ್ನು ಬಿಡುವುದನ್ನು ಮರೆತಿದ್ದ, ಅವಳು ಎಳೆದುಕೊಳ್ಳುವುದನ್ನು.

ಕಾಫಿ ಕುಡಿದರು. ಏಲಕ್ಕಿ ಬನ್ ಹಂಚಿಕೊಂಡರು. ಅವನು ಈಗ ಎದುರಿಗೆ ಕುಳಿತಿದ್ದ. ಅವಳ ತುಟಿಗಳನ್ನೇ ನೋಡುತ್ತಿದ್ದ. ಕೆನ್ನೆ ಬಿಸಿಯಾದರೂ ಅವಳು ಮುಖ ತಿರುಗಿಸಲಿಲ್ಲ.

ಮಧ್ಯಾಹ್ನ ಲೋಹ ಒಣಗಿತು. ಹಿಲ್ಲಾ ಗಿಟಾರ್ ಜೋಡಿಸಿ ಆನ್ ಮಾಡಿದಳು; ವಾಲ್ವುಗಳೊಳಗೆ ಕೆಂಡದ ಬಣ್ಣ ಮೂಡಿತು. ಮೊದಲ ಚಾನೆಲ್ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಲ್ಲು ಜಾರಿದಂತೆ ತಿಳಿಯಾಗಿ ಮಿಡಿಯಿತು. ಎರಡನೆಯದು ಎದೆಗೂಡಿನೊಳಗೇ ಗುರುಗುಟ್ಟಿತು.

“ಮೂರನೇದು ಸಿಳ್ಳೆ ಹಾಕುತ್ತಾ?”

ಅವನ ಮುಖ ಬಿಗಿಯಿತು. “ನೀನೇ ಕೇಳಿ ಹೇಳು. ನಾನು ಹೇಳಕ್ಕಾಗಲ್ಲ.”

ತನ್ನದೇ ಯಂತ್ರ… ಹೇಳಲಾಗುವುದಿಲ್ಲವಂತೆ! ಅವಳು ಫುಟ್‌ಸ್ವಿಚ್ ಒತ್ತಿದಳು. ಸೂಜಿಯಂಥ ತೆಳ್ಳನೆಯ ಸಿಳ್ಳೆಯೊಂದು ಕೋಣೆಯನ್ನು ಸೀಳಿತು.

“ಹಾಕ್ತಿದೆ.”

“ಹೌದಾ? ನಿಜವಾಗ್ಲೂ?”

“ನಾಟಕ ಮಾಡ್ಬೇಡ. ಕಿವಿಗೆ ಚುಚ್ಚೋ ಹಾಗಿದೆ!”

ಅವನು ಸ್ಪೀಕರಿನತ್ತ ಬಾಗಿದ. ಹಿಲ್ಲಾ ಕೋಟು ತೊಟ್ಟು, ಅವನ ಎಡಗಡೆಯಿಂದ ಬಾಗಿಲಿನತ್ತ ನಡೆಯುತ್ತಾ, “ಮೋಸಗಾರ,” ಎಂದಳು.

ಅವನು ಬೆಚ್ಚಲೂ ಇಲ್ಲ. ಮೊಣಕಾಲೂರಿ ತನ್ನ ಬಲಗಿವಿಯನ್ನು ಸ್ಪೀಕರಿಗೆ ಒತ್ತಿ ಹಿಡಿದಿದ್ದ. ಮಗುವಿನ ಉಸಿರನ್ನು ಆಲಿಸುವವನಂತೆ, ಕಣ್ಣು ಮುಚ್ಚಿ.

ಹಿಲ್ಲಾ ನಿಂತುಬಿಟ್ಟಳು. ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಅವಳು ಕೇಳಿದ್ದು ಆ ಎಡಗಡೆಯ ಸ್ಟೂಲಿನಿಂದ… ಮತ್ತೆ, ಅವನು ತುಟಿಗಳನ್ನು ನೋಡುತ್ತಿದ್ದದ್ದು…

“ಓತ್ಸೊ,” ಎಂದಳು ಎಡದಿಂದ. ಅವನು ಕದಲಲಿಲ್ಲ. ಸುತ್ತಿ ಬಲಕ್ಕೆ ಬಂದು ಮೊಣಕಾಲೂರಿದಳು. “ಓತ್ಸೊ.”

ಅವನು ಕಣ್ಣು ತೆರೆದ.

“ಯಾವಾಗಿಂದ?”

ಅವನು ಸ್ಪೀಕರಿನಿಂದ ಕಿವಿ ತೆಗೆದ. “ಚಳಿಗಾಲಕ್ಕೆ ಮುಂಚೆ. ಎಡಗಿವಿ ಪೂರ್ತಿ ಹೋಯ್ತು. ಬಲಗಿವೀಲಿ ಸಿಳ್ಳೆಯಂಥ ಚೂಪು ದನಿಗಳು ಕೇಳ್ಸಲ್ಲ. ಉಳಿದದ್ದು ಉಳೀಬೇಕಾದ್ರೆ ಈ ಗದ್ದಲ ಬಿಡು ಅಂದ್ರು ಡಾಕ್ಟ್ರು. ನಿನ್ನೇದೇ ನನ್ನ ಕೊನೇ ಕಾರ್ಯಕ್ರಮ.”

“ಅದಕ್ಕೇ ಬೆಲೆ ಇಳಿಸಿದ್ಯಾ?”

“ಸಿಳ್ಳೆ ಇಲ್ಲ ಅಂತ ಬರೆದ್ರೆ ಸುಳ್ಳಾದ್ರೂ ಆಗ್ಬೋದು. ಇದೆ ಅಂತ ಬರೆಯೋಕೆ… ಕೇಳಿಸ್ಬೇಕಲ್ಲ.”

“ಬಂದ ತಕ್ಷಣ ಹೇಳ್ಬೋದಿತ್ತಲ್ಲೋ ಪೆದ್ದ!”

“ಗಿಟಾರ್ ಬಾರಿಸೋಳ ಹತ್ರ ಮೊದಲನೇ ಮಾತಿಗೇ ಹೇಳೋ ವಿಷ್ಯಾನಾ ಅದು?”

ಹಿಲ್ಲಾ ಕೋಟು ಕಳಚಿ, ಜೇಬಿನಿಂದ ಪೆನ್ಸಿಲ್ ತೆಗೆದಳು. ಜಾಲರಿ ಬಿಚ್ಚಿ, ಒಂದೊಂದೇ ವಾಲ್ವಿನ ಗಾಜಿಗೆ ಮೆಲ್ಲಗೆ ತಟ್ಟಿದಳು. ಎರಡನೆಯ ಸಣ್ಣ ವಾಲ್ವಿಗೆ ತಟ್ಟಿದಾಗ ಸ್ಪೀಕರ್ ಗಂಟೆಯಂತೆ ಝೇಂಕರಿಸಿತು. ಇದೇ ಕಳ್ಳ! ಓತ್ಸೊ ಯಂತ್ರವನ್ನು ಆರಿಸಿ, ತನ್ನ ಡಬ್ಬಿಯಿಂದ ಹೊಸದೊಂದನ್ನು ತೆಗೆದು ಕೂರಿಸಿದ. ಕಿವಿ ಅವಳದು, ಕೈ ಅವನದು. ಮತ್ತೆ ಆನ್ ಮಾಡಿದರು.

“ಹೋಯ್ತು,” ಎಂದಳು. “ಒಂಚೂರೂ ಇಲ್ಲ.”

“ಹಾಗಾದ್ರೆ ಇಲ್ಲ. ನೀನು ಹೇಳಿದ್ರೆ ನಂಬ್ತೀನಿ.”

ಬೆಳಗಿನಿಂದ ಅವನ ಒಂದು ಮಾತನ್ನೂ ನಂಬದಿದ್ದವಳು ಪೆನ್ಸಿಲನ್ನು ಕೆಳಗಿಟ್ಟಳು.

“ನಾನು ಇದನ್ನ ತಗೊಳ್ತೀನಿ,” ಎಂದಳು. “ಜಾಹೀರಾತಿನ ಬೆಲೆಗಲ್ಲ. ಸರಿಯಾದ ಬೆಲೆಗೆ.”

ಅವನು ಬೇಡವೆಂದ. ಅವಳು ಕೇಳಲಿಲ್ಲ.

ಹೊರಗೆ ಹಿಮದ ಮೇಲೆ ಬೆಳಕು ನೀಲಿಗೆ ತಿರುಗುತ್ತಿತ್ತು. ಇಬ್ಬರೂ ಸೇರಿ ಆಂಪ್ಲಿಫೈಯರನ್ನು ಅವಳ ವ್ಯಾನಿಗೆ ಹೊತ್ತರು. ಅವನು ಕಂಬಳಿಯನ್ನು ಬಿಗಿಯಾಗಿ ಸುತ್ತಿದ.

“ಮನೆಗೆ ಹೋದ ತಕ್ಷಣ ಆನ್ ಮಾಡ್ಬೇಡ.”

“ಗೊತ್ತು. ಕಾಯ್ತೀನಿ.” ಅವಳು ಅವನ ಎಡಗಡೆ ನಿಂತಿದ್ದಳು. ಧೈರ್ಯ ಬಂದದ್ದು ಬಹುಶಃ ಅದರಿಂದಲೇ. ತೀರಾ ಮೆಲ್ಲಗೆ ಅಂದಳು: “ಕಾಯೋವಾಗ ನೀನೂ ಜೊತೆಗಿದ್ರೆ ಚೆನ್ನಾಗಿರುತ್ತೆ. ಇವತ್ತೊಂದೇ ದಿನ ಅಲ್ಲ.”

ಅವನು ಕಂಬಳಿಯ ಗಂಟು ಬಿಗಿದು, ಅವಳ ಬಾಯಿಯ ಹಬೆಯನ್ನು ಕಂಡು ತಿರುಗಿದ. “ಏನಾದ್ರೂ ಅಂದ್ಯಾ?”

ಏನಿಲ್ಲ ಎಂದುಬಿಡಬಹುದಿತ್ತು. ಹಿಲ್ಲಾ ಹಿಮದಲ್ಲಿ ಕಾಲೂರುತ್ತಾ ಸುತ್ತಿ ಅವನ ಬಲಕ್ಕೆ ಬಂದು, ತುದಿಗಾಲಲ್ಲಿ ನಿಂತು, ಅದೇ ಮಾತನ್ನು ಮತ್ತೆ ಹೇಳಿದಳು.

ಅವನ ಕಿವಿಯ ಅಂಚು ಕೆಂಪಾಯಿತು.

“ಕೇಳಿಸ್ಲಿಲ್ಲ,” ಎಂದ. “ಇನ್ನೊಂದ್ಸಲ ಹೇಳು.”

“ಸುಳ್ಳು.”

“ಹೌದು.”

ಅವಳು ಇನ್ನೊಮ್ಮೆ ಹೇಳಿದಳು.