ಮೇಲಿನ ರೂಮಿನ ಗೂಬೆ

"ಯಾರ್ರೀ ಅದು, ನಾನು ಕಳ್ಳಿ ಅಂತ ಬರೆದಿದ್ದು?"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಮೇಲಿನ ರೂಮಿನಲ್ಲಿದ್ದ ನಾಲ್ಕೈದು ಜನ ಒಟ್ಟಿಗೆ ತಿರುಗಿದರು. ಕತ್ತಲೆ ಕೋಣೆ, ಗೋಡೆ ತುಂಬ ಪರದೆಗಳು, ಒಂದೊಂದು ಪರದೆಯಲ್ಲೂ ಹಸಿರು ಬಟ್ಟೆ ಹಾಸಿದ ಒಂದೊಂದು ಟೇಬಲ್. ಬಾಗಿಲಲ್ಲಿ ನಿಂತಿದ್ದವಳು ಕ್ಯಾಸಿನೊ ಮ್ಯಾನೇಜ್‌ಮೆಂಟ್ ಕೋರ್ಸಿನ ಕೊನೆಯ ವರ್ಷದ ಹುಡುಗಿ. ಕ್ಲಾಸಿನವರೆಲ್ಲ ಅವಳನ್ನು ಸಿಡಿಮಿಡಿ ಅಂತಲೇ ಕರೆಯುತ್ತಿದ್ದರು, ಅದೂ ಅವಳು ಇಲ್ಲದಾಗ. ಇದ್ದಾಗ ಕರೆಯುವ ಧೈರ್ಯ ಯಾರಿಗಿದೆ ಹೇಳಿ?

ಮೂಲೆಯಲ್ಲಿ ಕ್ಯಾಮೆರಾ ಕಾವಲಿನ ತರಬೇತಿಗೆ ಕೂತಿದ್ದ ಕನ್ನಡಕದ ಹುಡುಗ ಎದ್ದು ನಿಂತ. "ನಾನೇ. ಆದ್ರೆ ಕಳ್ಳಿ ಅಂತ ಬರೆದಿಲ್ಲ. ಕೈ ತೋರಿಸದೆ ಟೇಬಲ್ ಬಿಟ್ರು ಅಂತ ಬರೆದೆ."

"ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಅವಳಿಗೆ ಬಿಡಿಸಿ ಹೇಳುವವರು ಯಾರು! ಕ್ಯಾಸಿನೊದಲ್ಲಿ ಇಸ್ಪೀಟೆಲೆ ಹಂಚುವವರಿಗೆ ಒಂದು ಕಟ್ಟುಪಾಡಿದೆ. ಟೇಬಲ್ ಬಿಟ್ಟು ಕದಲುವ ಮುಂಚೆ ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ, ತಲೆಯ ಮೇಲಿನ ಕ್ಯಾಮೆರಾಗೆ ತೋರಿಸಬೇಕು. ಬೆರಳ ಸಂದಿಯಲ್ಲಿ ಹಣದ ಬದಲು ಆಡುವ ಒಂದು ಬಿಲ್ಲೆಯೂ ಅಡಗಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅವತ್ತು ಪ್ರಾಕ್ಟಿಕಲ್ ಪರೀಕ್ಷೆ. ಕುಡಿದ ಗಿರಾಕಿಯ ಪಾತ್ರ ಮಾಡುತ್ತಿದ್ದ ಸಹಪಾಠಿ ಅತಿಯಾಗಿ ತೂರಾಡಿ, ಗ್ಲಾಸಿನ ನೀರನ್ನೆಲ್ಲ ಟೇಬಲ್ ಮೇಲೆ ಚೆಲ್ಲಿಬಿಟ್ಟ. ಇವಳು ಒಂದೇ ಓಟಕ್ಕೆ ಹೋಗಿ ಒರೆಸುವ ಬಟ್ಟೆ ತಂದಳು. ಮಾರ್ಕ್ಸ್ ಹೋಯಿತು.

"ನೀರು ಚೆಲ್ತಾ ಇದ್ರೆ ನಾನು ಚಪ್ಪಾಳೆ ತಟ್ಕೊಂಡು ನಿಂತಿರ್ಬೇಕಿತ್ತಾ?"

"ಹೌದು," ಅಂದ ಅವನು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಮೊದಲು ಚಪ್ಪಾಳೆ. ಆಮೇಲೆ ಬಟ್ಟೆ."

"ಮನುಷ್ಯತ್ವ ಅನ್ನೋದು ಇದೆಯೇನ್ರೀ ನಿಮಗೆ?"

"ಇದೆ. ವರದಿ ಫಾರಂನಲ್ಲಿ ಅದನ್ನ ಬರೆಯೋಕೆ ಜಾಗ ಕೊಟ್ಟಿರಲಿಲ್ಲ."

ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. "ಗೂಬೆ!" ಎಂದು ಕಿರುಚಿ, ಬಂದಾಗ ಬಡಿದದ್ದಕ್ಕಿಂತ ಜೋರಾಗಿ ಬಾಗಿಲು ಬಡಿದುಕೊಂಡು ಅವಳು ಹೊರಟುಹೋದಳು.

ಹುಡುಗಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ನೀವು ಅಂದುಕೊಂಡರೆ ಅಂದುಕೊಳ್ಳಿ. ಅವಳ ಮನೆಗೆ ಒಮ್ಮೆ ಬಂದು ನೋಡಿದರೆ ನಿಮಗೂ ಸಿಟ್ಟು ಬರುತ್ತಿತ್ತು. ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಭಾವನದು ಟೈಲ್ಸ್ ಅಂಗಡಿ, ನಾಲಿಗೆಯೂ ಟೈಲ್ಸ್ ಕತ್ತರಿಸುವ ಮಿಷನ್ನಿನ ಹಾಗೆಯೇ. "ಏನಮ್ಮಾ, ಇವತ್ತು ಯಾವ ಪಾಠ? ರಾಣಿದೋ ಗುಲಾಮಂದೋ?" ಅನ್ನುವುದು ಅವರ ದಿನದ ಮಾತು. ಕಾನೂನು ಓದಬೇಕು, ಲೆಕ್ಕಶಾಸ್ತ್ರ ಓದಬೇಕು, ಆಟ ನಿಲ್ಲಿಸಲಾಗದೆ ಒದ್ದಾಡುವ ಗಿರಾಕಿಯನ್ನು ಗುರುತಿಸಿ ಮರ್ಯಾದೆಯಿಂದ ಮನೆಗೆ ಕಳಿಸುವುದನ್ನು ಕಲಿಯಬೇಕು ಅಂತ ಅವಳು ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಇಳಿಯುತ್ತಿರಲಿಲ್ಲ. ಕೊನೆಗೆ ಮಾತು ಒಂದು ಕಡೆ ಬಂದು ನಿಂತಿತ್ತು. ಈ ವರ್ಷ ಕಾಲೇಜಿಗೆ ಬರುವ ದೊಡ್ಡ ಕಂಪನಿ ಅವಳನ್ನು ಫ್ಲೋರ್ ಕೆಲಸಕ್ಕೆ, ಅಂದರೆ ಆಟದ ಹಾಲ್ ನೋಡಿಕೊಳ್ಳುವ ಕೆಲಸಕ್ಕೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಭಾವನ ಅಂಗಡಿಯ ಗಲ್ಲಾದಲ್ಲಿ ಕೂರಬೇಕು.

ಆ ದಿನ ಊಟ ಮುಗಿಸಿ ಏಳುವಾಗ ಅವಳು ಚಪ್ಪಾಳೆ ತಟ್ಟಿ ಎರಡೂ ಕೈ ತಿರುಗಿಸಿ ಸೂರಿಗೆ ತೋರಿಸಿದಳು. ಬೇಕಂತಲ್ಲ, ಹಾಳು ಅಭ್ಯಾಸ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡಳು. ಪರೀಕ್ಷೆಯಲ್ಲಿ ಬಾರದ ಕೈ ಊಟದ ಟೇಬಲ್ಲಿನಲ್ಲಿ ಬಂತಲ್ಲ ಅಂತ ಅವಳಿಗೆ ಅಳು ಬಂತು.

ಮಾರನೆಯ ದಿನ ಮೇಡಂ ಉರಿಯುವ ಬೆಂಕಿಗೆ ಎಣ್ಣೆ ಸುರಿದರು. ಮೇಡಂ ಅಂದರೆ ವರ್ಷಗಟ್ಟಲೆ ಕ್ಯಾಸಿನೊಗಳನ್ನು ನಡೆಸಿ, ಈಗ ಪಾಠಕ್ಕೆ ಬಂದಿದ್ದ ಗಟ್ಟಿಗಿತ್ತಿ. "ಈ ಟರ್ಮ್ ಪೂರ್ತಿ ನಿನ್ನ ಟೇಬಲ್ ನೋಡೋದು ಅವನೇ," ಅಂದುಬಿಟ್ಟರು.

"ಮೇಡಂ, ಬೇರೆ ಯಾರಾದ್ರೂ..."

"ನಿನ್ನ ಹೆದರಿಕೆ ಇಲ್ಲದೆ ಬರೆಯೋನು ಅವನೊಬ್ನೇ ಕಣಮ್ಮ. ನಡಿ."

ಹಾಗೆ ಶುರುವಾಯಿತು. ಕೆಳಗೆ ಇವಳು, ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಅವನು. ಕ್ಯಾಮೆರಾದಲ್ಲಿ ಚಿತ್ರ ಮಾತ್ರ, ಸದ್ದು ಇಲ್ಲ. ಅದೇ ಅವಳಿಗೆ ವರವಾಯಿತು. ಪ್ರತಿ ಆಟ ಮುಗಿದಾಗಲೂ ಚಪ್ಪಾಳೆ ತಟ್ಟಿ, ಕೈ ತಿರುಗಿಸಿ, ಮುಖ ಮೇಲೆತ್ತಿ, ಹಲ್ಲು ಕಿರಿದು ನಗುತ್ತಾ ಬಾಯಿಗೆ ಬಂದಂತೆ ಬೈಯುತ್ತಿದ್ದಳು. "ನೋಡ್ಕೊಳೋ ಗೂಬೆ. ಕಣ್ಣು ತುಂಬಾ ನೋಡ್ಕೋ. ಕೋಡಂಗಿ!" ಅವನ ವರದಿಗಳಲ್ಲಿ ಮಾತ್ರ ಒಂದೇ ಸಾಲು ಬರುತ್ತಿತ್ತು: ಕೈ ತೋರಿಸಿದರು, ತಪ್ಪಿಲ್ಲ. ಅದನ್ನು ಓದಿದಾಗಲೂ ಅವಳ ಮೈ ಉರಿಯುತ್ತಿತ್ತು. ತಪ್ಪಿಲ್ಲವಂತೆ! ಚೆನ್ನಾಗಿ ಮಾಡಿದರು ಅಂತ ಬರೆದರೆ ಇವನ ಗಂಟೇನು ಹೋಗುತ್ತಿತ್ತು?

ಒಂದು ಬೆಳಿಗ್ಗೆ ಭಾವ ತಿಂಡಿ ತಟ್ಟೆಯ ಮುಂದೆ ಕೂತು, "ಗಲ್ಲಾ ಹಿಂದಿನ ಕುರ್ಚಿಗೆ ಹೊಸ ದಿಂಬು ಹಾಕ್ಸಿದೀನಿ, ನಿನ್ನ ಅಳತೆಗೆ," ಅಂದಿದ್ದರು. ಅವಳು ಕಾಲೇಜಿನ ಟೇಬಲ್ಲಿಗೆ ಬಂದು ಎಲೆ ಹಂಚಿದಳು. ಆಟ ಮುಗಿದ ಮೇಲೆ ಕೈ ತೋರಿಸಿ ಮುಖ ಎತ್ತಿದಳು. ಬೈಗುಳ ಬರಲಿಲ್ಲ. "ಇವತ್ತೊಂದಿನ ಬಿಟ್ಬಿಡು ಪುಣ್ಯಾತ್ಮ. ಇವತ್ತು ನನ್ನ ಕೈಲಾಗಲ್ಲ," ಅಂತ ತುಟಿಯಲ್ಲೇ ಹೇಳಿಕೊಂಡಳು.

ಸ್ವಲ್ಪ ಹೊತ್ತಿಗೆ ಅವನು ಅವಳ ಮುಂದೆ ನಿಂತಿದ್ದ. ಮೇಲಿನವರು ಕೆಳಗಿಳಿಯುವ ಹಾಗೇ ಇಲ್ಲ, ಆದರೂ ಬಂದಿದ್ದ. ಕೈಯಲ್ಲೊಂದು ನೀರಿನ ಬಾಟಲಿ.

"ಯಾಕೆ ಕೈಲಾಗಲ್ಲ?" ಅಂತ ಕೇಳಿದ.

"ನಿಮಗೆ... ನಿಮಗೆ ಹೇಗೆ ಗೊತ್ತು?"

"ನಮ್ಮಮ್ಮಂಗೆ ಕಿವಿ ಕೇಳಲ್ಲ. ತುಟಿ ನೋಡ್ಕೊಂಡೇ ಮಾತಾಡ್ತಾರೆ. ಮನೇಲಿ ನಮಗೂ ಅದು ಬಂದುಬಿಟ್ಟಿದೆ."

"ಹಾಗಾದ್ರೆ ಇಷ್ಟು ದಿನ ನಾನು ಅಂದಿದ್ದೆಲ್ಲಾ?"

"ಗೂಬೆ, ಕತ್ತೆ, ದರಿದ್ರ ಮೂತಿ. ಎಲ್ಲಾ ತಲುಪಿದೆ. ಕೋಡಂಗಿ ಮಾತ್ರ ಸ್ವಲ್ಪ ಜಾಸ್ತಿ ಆಯ್ತು."

ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ಕೋಪವೇ ಬಂತು. "ಮತ್ತೆ ಯಾಕ್ರೀ ಬಾಯಿ ಮುಚ್ಕೊಂಡಿದ್ರಿ? ಮೊದಲ ದಿನಾನೇ ಹೇಳೋಕೇನಾಗಿತ್ತು?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಕನ್ನಡಕವಿಲ್ಲದ ಕಣ್ಣುಗಳು ಎಳೆಯ ಮಕ್ಕಳ ಕಣ್ಣಿನಂತೆ ಪೆಚ್ಚಾಗಿದ್ದವು. "ಕ್ಯಾಮೆರಾ ಇರೋದು ತಲೆ ಮೇಲೆ. ದಿನವಿಡೀ ನಿಮ್ಮ ಬೈತಲೆ ಒಂದೇ ಕಾಣೋದು. ಬೈಯೋವಾಗ ಮಾತ್ರ ನೀವು ಮುಖ ಎತ್ತುತ್ತಿದ್ರಿ."

ಅವಳು ಬಾಟಲಿ ಕಿತ್ತುಕೊಂಡು ಗಟಗಟ ನೀರು ಕುಡಿದು, ಅವನನ್ನೇ ದುರುಗುಟ್ಟಿ ನೋಡಿದಳು. ಅವನೂ ನೋಡಿದ. ಕ್ಯಾಮೆರಾ ಇಲ್ಲದೆ ಇಬ್ಬರೂ ಇಷ್ಟು ಹತ್ತಿರದಿಂದ ನೋಡಿಕೊಂಡದ್ದು ಅವತ್ತೇ ಮೊದಲು.

ಅಲ್ಲಿಂದ ಆಚೆಗೆ ಟೀ ಮಿಷನ್ ಹತ್ತಿರ ಇಬ್ಬರ ಜಗಳ ದಿನಾ ಇದ್ದದ್ದೇ. ನೀವು ಹೋಗಿ ನೀನು ಬಂತು. ಅವನ ಸಕ್ಕರೆ ಜಾಸ್ತಿ ಅಂತ ಅವಳು ರೇಗುವಳು, ಅವಳ ಬೆರಳು ಎಡಕ್ಕೆ ಜಾರುತ್ತೆ ಅಂತ ಅವನು ಕೆಣಕುವನು. ಬೆರಳು ಜಾರುವುದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ, ನೋಡೋದೇ ನನ್ನ ಕೆಲಸ ಅನ್ನುವನು. ಆ ಮಾತಿಗೆ ಅವಳ ಕಿವಿ ಬಿಸಿಯಾಗುತ್ತಿತ್ತು. ಸಿಟ್ಟಿಗೆ ಅಂತ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಇನ್ನೇನು ಹೇಳಿಕೊಂಡಾಳು ಪಾಪ!

ಕಂಪನಿ ಬಂತು. ಟೈ ಕಟ್ಟಿದ ಮೂವರು ಗಂಡಸರು ಸೆಮಿನಾರ್ ಹಾಲಿನಲ್ಲಿ ಕೂತರು, ಪಕ್ಕದಲ್ಲಿ ಮೇಡಂ. ತಮ್ಮ ಕ್ಯಾಸಿನೊದ ಮೇಲಿನ ರೂಮಿಗೆ ಒಬ್ಬರನ್ನು, ಫ್ಲೋರ್‌ಗೆ ಕೆಲವರನ್ನು ಆರಿಸುವುದಿತ್ತು. ಅವನದು ಮೊದಲು ಆಯಿತು, ಆಮೇಲೆ ಅವಳನ್ನು ಕರೆದರು. ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಕೊಟ್ಟಳು. ಕೊನೆಗೆ ನಡುವೆ ಕೂತಿದ್ದ ನರೆತ ಮೀಸೆಯವರು ಕೇಳಿದರು: "ಮೇಲೆ ಕೂತು ನೋಡುವವರಿಗೂ ಕೆಳಗೆ ಕೆಲಸ ಮಾಡುವವರಿಗೂ ನಮ್ಮಲ್ಲಿ ಗೆಳೆತನ ಕೂಡದು. ನಿಮ್ಮ ಕಾಲೇಜಿನಿಂದ ಮೇಲಿನ ರೂಮಿಗೆ ಬರಬೇಕು ಅಂತಿರುವವರಲ್ಲಿ ನಿಮಗೆ ಬೇಕಾದವರು ಯಾರಾದರೂ ಇದ್ದಾರಾ?"

"ಯಾರೂ ಇಲ್ಲ ಸರ್," ಅಂದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಣ್ಣಗೆ ನಕ್ಕರು. ಯಾಕೆ ನಕ್ಕರು ಅಂತ ಅವಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಮೇಡಂ ಬಂದು ಆಯ್ಕೆಯಾದವರನ್ನು ಹೇಳಿದರು. ಫ್ಲೋರ್‌ಗೆ ಅವಳಿದ್ದಳು. ಮೇಲಿನ ರೂಮಿಗೆ ಅವನಿರಲಿಲ್ಲ. ಕ್ಲಾಸಿಗೇ ಮೊದಲಿಗ, ಅವನನ್ನೇ ಬಿಟ್ಟರಾ? ಸಂತೋಷಪಡುವುದನ್ನೂ ಮರೆತು ಅವಳು ಮೇಡಂ ಬೆನ್ನು ಹತ್ತಿದಳು.

"ನಂಗೊಂದೂ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ ಮೇಡಂ. ನೀವೂ ಒಳಗೆ ಇದ್ರಿ."

ಮೇಡಂ ನಿಟ್ಟುಸಿರು ಬಿಟ್ಟರು. "ಫ್ಲೋರ್‌ಗೆ ಬರೋರಲ್ಲಿ ನಿಂಗೆ ಬೇಕಾದವರು ಇದಾರಾ ಅಂತ ಕೇಳಿದ್ರು ಕಣೆ. ಇದಾಳೆ, ಆದ್ರೆ ಅವಳಿಗೆ ಇನ್ನೂ ಹೇಳಿಲ್ಲ ಅಂದ. ಯಾರು ಅಂತ ಕೇಳಿದ್ದಕ್ಕೆ ನಿನ್ನನ್ನೇ ಹೇಳಿದ. ಅಲ್ಲಿಗೆ ಮುಗೀತು."

ಅವಳಿಗೆ ತಲೆಯಿಂದ ಕಾಲಿನವರೆಗೆ ಬೆಂಕಿ ಹತ್ತಿಕೊಂಡಿತು. ಯಾರ ಮೇಲೆ ಅಂತ ಕೇಳಿ. ಅವನ ಮೇಲೆ, ತನಗೆ ಹೇಳುವ ಮುಂಚೆ ಊರವರಿಗೆ ಹೇಳಿದ್ದಕ್ಕೆ. ಆ ಮೂವರ ಮೇಲೆ, ತನ್ನ ಎದುರಿಗೇ ನಕ್ಕಿದ್ದಕ್ಕೆ. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆಯೇ, ಯಾರೂ ಇಲ್ಲ ಅಂತ ಅಷ್ಟು ಸಲೀಸಾಗಿ ನಾಲಿಗೆ ಹೊರಳಿದ್ದಕ್ಕೆ. ಗೊತ್ತಿರಲಿಲ್ಲವಾ ಅವಳಿಗೆ? ಗೊತ್ತಿತ್ತು. ಟೀ ಆರಿಹೋಗುವವರೆಗೂ ಜಗಳ ಎಳೆಯುತ್ತಿದ್ದವಳಿಗೆ ಗೊತ್ತಿರದೆ ಇರುತ್ತದೆಯೇ?

ಬಾಗಿಲು ತಟ್ಟದೆ ಅವಳು ಸೆಮಿನಾರ್ ಹಾಲಿಗೆ ನುಗ್ಗಿದಳು. ಮೂವರೂ ಬ್ಯಾಗು ತುಂಬುತ್ತಿದ್ದರು.

"ಸರ್, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಇದಾನೆ. ನನಗೂ ಒಬ್ಬ ಇದಾನೆ."

ನರೆತ ಮೀಸೆಯವರು ಹುಬ್ಬು ಗಂಟಿಕ್ಕಿದರು. "ಅವರು ಹೇಗೂ ಬರ್ತಾ ಇಲ್ಲವಲ್ಲಮ್ಮ. ನಿಮ್ಮ ಕೆಲಸ ಭದ್ರವಾಗಿತ್ತು. ಈಗ ಬಂದು ಯಾಕೆ ಹೇಳ್ತೀರಿ?"

"ಅವನೊಬ್ಬನೇ ಹುಚ್ಚ ಅಂತ ನೀವು ಮೂರೂ ಜನ ನಕ್ಕಿರಲ್ಲ, ಅದಕ್ಕೆ. ನಗಬೇಡಿ ಸರ್. ಹುಚ್ಚು ಇಬ್ಬರಿಗೂ ಇದೆ. ಅವನು ಧೈರ್ಯವಾಗಿ ಹೇಳಿದ, ನಾನು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ. ಸುಳ್ಳು ಹೇಳಿದವಳನ್ನ ಇಟ್ಕೊಂಡು ನಿಜ ಹೇಳಿದವನನ್ನ ಮನೆಗೆ ಕಳಿಸ್ತೀರಾ?"

ನರೆತ ಮೀಸೆಯವರು ಬ್ಯಾಗು ಕೆಳಗಿಟ್ಟರು. "ಹೊರಗೆ ಕೂತಿರಿ," ಅಂದರು ಅವರು. ನಗು ಯಾರ ಮುಖದಲ್ಲೂ ಇರಲಿಲ್ಲ.

ಕಾಲೇಜಿನ ಮೆಟ್ಟಿಲ ಮೇಲೆ ಅವನು ಒಬ್ಬನೇ ನಿಂತಿದ್ದ. ಅವಳು ದಡದಡ ಇಳಿದು ಬಂದು ನಡುವಿನ ಮೆಟ್ಟಿಲಿನಲ್ಲಿ ದೊಪ್ಪೆಂದು ಕೂತಳು.

"ಕಂಗ್ರಾಟ್ಸ್," ಅಂದ ಅವನು.

"ಕಪಾಳಕ್ಕೆ ಬಿಗೀತೀನಿ ನೋಡು! ಟೈ ಕಟ್ಟಿದ ಮೂರು ಜನಕ್ಕೆ ಹೇಳೋಕೆ ಬಾಯಿ ಬಂತು, ನನಗೆ ಹೇಳೋಕೆ ಬರಲಿಲ್ವಾ? ನಾನೇನು ಪೇಪರಲ್ಲಿ ಓದ್ಕೋಬೇಕಿತ್ತಾ?"

"ಅವರು ಕೇಳಿದ್ರು. ನೀನು ಯಾವತ್ತೂ ಕೇಳಲೇ ಇಲ್ಲ."

"ನನಗೋಸ್ಕರ ಬಿಟ್ಟುಕೊಟ್ಟೆ ಅಂತ ಮಾತ್ರ ಹೇಳ್ಬೇಡ. ನಿನ್ನ ತ್ಯಾಗ ಯಾರಿಗೆ ಬೇಕು? ನನ್ನ ಜಾಗ ನಾನು ನನ್ನ ಕೈಯಿಂದ ಗಳಿಸ್ತೀನಿ."

"ತ್ಯಾಗ ಅಲ್ಲ ಕಣೆ." ಅವನ ದನಿಯೂ ಮೊದಲ ಸಲ ಏರಿತು. "ನಂಗೂ ಆ ಕೆಲಸ ಬೇಕಿತ್ತು. ತುಂಬಾ ಬೇಕಿತ್ತು. ಹೊಟ್ಟೆ ಉರೀತಾ ಇದೆ ನಂಗೆ. ಆದ್ರೆ ಇಲ್ಲ ಅನ್ನೋಕೆ ಆಗಲಿಲ್ಲ. ಬಾಯಿ ತೆಗೆದೆ, ಇದಾಳೆ ಅಂತಲೇ ಬಂತು. ಏನ್ಮಾಡ್ಲಿ?"

ಅವನಿಗೂ ಸಿಟ್ಟು ಬರುತ್ತದೆ ಅಂತ ಅವಳು ಯೋಚಿಸಿಯೇ ಇರಲಿಲ್ಲ. ಆ ಸಿಟ್ಟು ನೋಡಿ ಅವಳಿಗೆ ಅವನ ಮೇಲೆ ಇನ್ನಿಲ್ಲದ ಪ್ರೀತಿ ಉಕ್ಕಿ ಬಂತು.

ಅಷ್ಟರಲ್ಲಿ ಮೇಡಂ ಮೆಟ್ಟಿಲ ಮೇಲಿನಿಂದಲೇ ಕೂಗಿ ಹೇಳಿದರು. "ಇಟ್ಕೊಂಡಿದಾರೆ ಕಣಮ್ಮ ನಿನ್ನ. ಆದ್ರೆ ಫ್ಲೋರ್‌ಗಲ್ಲ. ಸುಳ್ಳು ಹೇಳಿದ್ದಕ್ಕೆ ಒಂದು ವರ್ಷ ಸ್ವಾಗತದ ಕೌಂಟರ್. ಆಮೇಲೆ ನೋಡೋಣ ಅಂದ್ರು. ಅವನ ವಿಷಯ ಬದಲಾಗಲ್ಲ, ನಿಯಮ ನಿಯಮವೇ."

"ಒಂದು ವರ್ಷ ಕೌಂಟರಾ!" ಅವಳು ಹಲ್ಲು ಕಡಿದಳು. ಭಾವನ ಗಲ್ಲಾ ಅಲ್ಲ ನಿಜ, ಆದರೆ ಫ್ಲೋರೂ ಅಲ್ಲ. ಕಣ್ಣಲ್ಲಿ ನೀರು ತುಂಬಿತು, ಅದಕ್ಕೂ ಸಿಟ್ಟೇ ಬಂತು. "ನೀನೇನ್ಮಾಡ್ತೀಯಾ ಈಗ?"

"ನಾಡಿದ್ದು ಇನ್ನೊಂದು ಕಂಪನಿ ಇಂಟರ್‌ವ್ಯೂ ಇದೆ. ಇವರ ಎದುರಾಳಿಗಳದ್ದು. ಅಲ್ಲೂ ಇದೇ ಪ್ರಶ್ನೆ ಕೇಳ್ತಾರಂತೆ. ಅವರ ಫ್ಲೋರಲ್ಲಿ ನೀನಿರಲ್ವಲ್ಲ, ಆರಾಮಾಗಿ ಯಾರೂ ಇಲ್ಲ ಅಂತೀನಿ."

"ಯಾರೂ ಇಲ್ಲ ಅಂದ್ಯೋ, ಕಾಲು ಮುರೀತೀನಿ! ನಿಮ್ಮ ಎದುರಾಳಿಗಳ ಕೌಂಟರಲ್ಲಿ ಒಬ್ಳಿದಾಳೆ ಅಂತ ಹೇಳು."

"ಕೆಲಸ ಕೊಡದೆ ಹೋದ್ರೆ?"

"ಕೊಡ್ತಾರೆ. ಕೊಡದಿದ್ರೆ ಮತ್ತೊಂದು ಕಡೆ ಹೋಗಿ ಅಲ್ಲೂ ಅದನ್ನೇ ಹೇಳು. ಆದ್ರೆ ಮೊದಲು ನನಗೆ ಹೇಳು. ಈಗ. ಇಲ್ಲೇ."

ಅವನು ಹೇಳಿದ. ಎದುರು ನಿಂತು, ಅವಳ ಕಣ್ಣು ನೋಡಿಕೊಂಡು, ಕಿವಿಯವರೆಗೆ ಕೆಂಪಾಗಿ ಹೇಳಿದ.

"ಕೇಳಿಸ್ಲಿಲ್ಲ. ಜೋರಾಗಿ."

ಅವನು ಜೋರಾಗಿ ಹೇಳಿದ. ಮೆಟ್ಟಿಲ ಬಳಿ ನಿಂತಿದ್ದ ಜೂನಿಯರ್‌ಗಳೆಲ್ಲ ತಿರುಗಿ ನೋಡಿದರು. ಒಬ್ಬ ಸೀಟಿ ಹೊಡೆದ, ಅವಳು ಕಣ್ಣು ಬಿಟ್ಟ ರಭಸಕ್ಕೆ ಅರ್ಧಕ್ಕೇ ನಿಲ್ಲಿಸಿದ.

"ಹ್ಞೂಂ. ನಂಗೂ ನೀನು ಬೇಕು," ಅಂದಳು ಅವಳು, ಬೈದಷ್ಟೇ ಗಡುಸಾಗಿ. "ಆದ್ರೆ ಸಿಟ್ಟು ಇನ್ನೂ ಇಳಿದಿಲ್ಲ, ತಿಳ್ಕೋ."

ಹಾಗೆಂದು ಮೆಟ್ಟಿಲ ಮೇಲೆ ಅವನಿಗೆ ಜಾಗ ಬಿಟ್ಟು ಸರಿದು ಕೂತಳು.