ಕರ್ಚೀಫ್ ಎತ್ತಿಕೊಟ್ಟವಳು

"ಇನ್ನೂ ಜೋರಾಗಿ! ನಿನ್ನ ಮಾತು ಪಕ್ಕದ ಪರದೆಗೂ ಕೇಳಿಸ್ತಿಲ್ಲ," ಎಂದರು ಟೀಚರ್.

ನಾಟಕದಲ್ಲಿ ಹುಡುಗಿಯದು ಸೇವಕಿಯ ಪಾರ್ಟು. ಒಡತಿ ಬೀಳಿಸಿಕೊಂಡ ಕರ್ಚೀಫನ್ನು ಎತ್ತಿ ತನ್ನ ಗಂಡನಿಗೆ ಕೊಡಬೇಕು. ಅವನು ಅದನ್ನೇ ನೆಪ ಮಾಡಿಕೊಂಡು ಒಡತಿಯ ಗಂಡನ ತಲೆಯಲ್ಲಿ ಸಂಶಯದ ಹುಳ ಬಿಡುತ್ತಾನೆ; ಆ ಗಂಡ ಒಡತಿಯನ್ನು ಕೊಂದೇಬಿಡುತ್ತಾನೆ. ಕೊನೆಗೆ ಸೇವಕಿ, "ಅವಳದೇನೂ ತಪ್ಪಿಲ್ಲ! ಕರ್ಚೀಫ್ ಎತ್ತಿಕೊಟ್ಟವಳು ನಾನು!" ಎಂದು ಕೂಗಬೇಕು. ಆ ಮಾತಿಗೇ ಅವಳ ದನಿ ಏಳುತ್ತಿರಲಿಲ್ಲ.

ಶಾಲೆಗೆ ಸೇರಿ ತಿಂಗಳುಗಳಾದರೂ ಎಲ್ಲರಿಗೂ ಅವಳು ಹೊಸ ಹುಡುಗಿಯೇ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುತ್ತಿದ್ದವಳು ಎಲ್ಲರೂ ಬಾಬ್‌ಕಟ್ ಎನ್ನುತ್ತಿದ್ದ ಸಹಪಾಠಿ ಒಬ್ಬಳೇ.

ಮೊನ್ನೆ ಬೆಂಚಿನ ಕೆಳಗೆ ಅದೇ ಕ್ಲಾಸಿನ ಉದ್ದಜಡೆ ಎಂಬವಳ ನೀಲಿ ಕ್ಲಿಪ್ ಸಿಕ್ಕಿತ್ತು. "ಇಲ್ಲಿ ಕೊಡೇ, ನಾನೇ ಅವಳಿಗೆ ಕೊಡ್ತೀನಿ," ಎಂದಳು ಬಾಬ್‌ಕಟ್. ಹುಡುಗಿ ಕೊಟ್ಟಳು. ಮರುದಿನ ಅದು ಗುಂಡುಕೆನ್ನೆಯ ಬ್ಯಾಗಿನಲ್ಲಿತ್ತು! ಉದ್ದಜಡೆ, ಗುಂಡುಕೆನ್ನೆ ಜೀವದ ಗೆಳತಿಯರು. ಬಾಬ್‌ಕಟ್‌ಗೆ ಅದೇ ಹೊಟ್ಟೆಯುರಿ. ಈಗ ಉದ್ದಜಡೆ, "ಕಳ್ಳಿ!" ಎಂದು ಗುಂಡುಕೆನ್ನೆಗೆ ಟೂ ಬಿಟ್ಟಿದ್ದಳು.

"ಬಾಯ್ಬಿಟ್ರೆ ನಿಂಗೂ ಟೂ," ಎಂದು ಬಾಬ್‌ಕಟ್ ಪಿಸುಗುಟ್ಟಿದ್ದಳು.

ಸಂಜೆ ಅಮ್ಮ ಹೊಲಿಗೆ ಮಷಿನ್ ಮುಂದೆ ಕೂತು ನಾಟಕದ ಕರ್ಚೀಫಿಗೆ ಅಂಚು ಹೊಲಿಯುತ್ತಿದ್ದಳು.

"ಆ ಸೇವಕಿ ಯಾಕಮ್ಮಾ ಗಂಡನಿಗೆ ಕೊಟ್ಟಳು? ಪೆದ್ದಿ!"

ಅಮ್ಮ ಹಲ್ಲಿನಿಂದ ದಾರ ಕಡಿದಳು. "ಮಾತಾಡ್ಸೋಕೆ ಅವನೊಬ್ಬನೇ ಇದ್ನೇನೋ ಕಣೇ. ಅವನೂ ಮುಖ ತಿರುಗಿಸಿಬಿಟ್ರೆ?"

ಹುಡುಗಿ ಕರ್ಚೀಫನ್ನು ಮಡಚಿ ಜೇಬಿಗಿಟ್ಟುಕೊಂಡಳು.

ಮರುದಿನ ರಿಹರ್ಸಲ್. ಒಡತಿಯ ಪಾರ್ಟು ಮಾಡುವ ಉದ್ದಜಡೆ ನೆಲದ ಮೇಲೆ ಸತ್ತು ಬಿದ್ದಿದ್ದಳು. ಪರದೆಯ ಹಗ್ಗ ಹಿಡಿದು ಗುಂಡುಕೆನ್ನೆ ಮೂಲೆಯಲ್ಲಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಹೂಂ, ಸೇವಕಿ, ಹೇಳು!"

"ಅವಳದೇನೂ ತಪ್ಪಿಲ್ಲ! ಕ್ಲಿಪ್ ಎತ್ತಿಕೊಟ್ಟವಳು ನಾನು!"

"ಕ್ಲಿಪ್ ಅಲ್ಲಮ್ಮಾ, ಕರ್ಚೀಫ್!"

"ಅಲ್ಲ ಟೀಚರ್, ಕ್ಲಿಪ್ಪೇ. ಬೆಂಚಿನ ಕೆಳಗೆ ಸಿಕ್ತು. ನಾನು ಬಾಬ್‌ಕಟ್‌ಗೆ ಕೊಟ್ಟೆ. ಗುಂಡುಕೆನ್ನೆ ಕದ್ದಿಲ್ಲ."

ಸತ್ತಿದ್ದ ಉದ್ದಜಡೆ ಎದ್ದು ಕೂತಳು.

ಊಟದ ಹೊತ್ತಿಗೆ ಉದ್ದಜಡೆ, ಗುಂಡುಕೆನ್ನೆ ಒಂದೇ ಡಬ್ಬಿಗೆ ಕೈ ಹಾಕಿ ಕಿಲಕಿಲ ನಗುತ್ತಿದ್ದರು. ಹುಡುಗಿಯನ್ನು ಕರೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಬಾಬ್‌ಕಟ್ ಮುಖ ತಿರುಗಿಸಿಕೊಂಡು ಹೋದಳು.

ಹುಡುಗಿ ಮೆಟ್ಟಿಲ ಮೇಲೆ ಕೂತಳು. ಜೇಬಿನಲ್ಲಿದ್ದ ಕರ್ಚೀಫ್ ತೆಗೆದು ಅಮ್ಮನ ಸಣ್ಣ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಷ್ಟು ಜೋರಾಗಿ ಕೂಗಿದ ಮೇಲೆ ಆ ಸೇವಕಿಯ ಪಕ್ಕದಲ್ಲೂ ಯಾರೂ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೇ ಅವಳು ಕೂಗಿದ್ದಳು.

ಪೆದ್ದಿಯಲ್ಲ ಅವಳು, ಎಂದುಕೊಂಡು ಹುಡುಗಿ ಡಬ್ಬಿಯ ಮುಚ್ಚಳ ತೆಗೆದಳು.