ಚುಕ್ಕಾಣಿಯ ಜಾಗಕ್ಕೊಂದು ಹೊದಿಕೆ

"ನಿಮ್ಮ ದೋಣಿಗೆ ಕ್ಯಾನ್ವಾಸ್ ಹೊದಿಕೆ ಹೊಲಿಯಲ್ಲ ಅಂದ್ರೆ ಹೊಲಿಯಲ್ಲ!"

ಅವಳು ಅಳತೆಯ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದಳು. ಮೊದಲ ಸಲ ಅಂಗಡಿಗೆ ಬಂದಿದ್ದ ಆ ಉದ್ದನೆಯ ಮನುಷ್ಯ ಬೆಪ್ಪಾಗಿ ನಿಂತ.

"ಹೊರಗೆ ಬೋರ್ಡಲ್ಲಿ ಕ್ಯಾನ್ವಾಸ್ ಕೆಲಸ ಅಂತಾನೇ ಇದೆಯಲ್ರೀ?"

"ಇದೆ. ದಡದ ಹತ್ರ ಓಡಾಡೋರಿಗೆ ಹೊಲೀತೀನಿ. ನೀವು ಒಬ್ರೇ ಆರು ತಿಂಗಳು ಸಮುದ್ರಕ್ಕೆ ಹೋಗೋರು. ಚುಕ್ಕಾಣಿ ಜಾಗಕ್ಕೆ ಫೈಬರ್ ಚಾವಣಿ, ಗಾಜಿನ ಕಿಟಕಿ ಹಾಕಿಸ್ಕೊಳ್ಳಿ. ಪಕ್ಕದ ಶೆಡ್ಡಿಗೆ ಹೋಗಿ."

"ನನ್ನ ಹಾಯಿದೋಣಿ ಪುಟ್ಟದು ರೀ. ಮೇಲೆ ಅಷ್ಟು ಭಾರ ಹೇರಿದ್ರೆ ಹೊಯ್ದಾಡುತ್ತೆ. ಬಟ್ಟೆ ಆದ್ರೆ ಸೆಕೆಗೆ ಸುತ್ತಿಡಬಹುದು..."

"ಸುತ್ತಿಡೋಕಾ? ಅಲೆ ಬಂದು ಮುಖಕ್ಕೆ ಬಡಿದಾಗ ಗೊತ್ತಾಗುತ್ತೆ!"

ದೋಣಿ ಕಟ್ಟುವವರೆಲ್ಲ ಅವಳಿಗೆ ಸೂಜಿಮೆಣಸು ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಅವನು ಹೋದ. ಎರಡು ದಿನ ಬಿಟ್ಟು ಮತ್ತೆ ಬಂದ. ಆಮೇಲೆ ಮತ್ತೆ... ಮೂರು ವಾರದಲ್ಲಿ ಏಳು ಸಲ! ಬಟ್ಟೆಯ ಬಣ್ಣ ಕೇಳಿದ, ಜಿಪ್ಪು ಎಳೆದು ನೋಡಿದ, ಚಹಾ ಕುಡಿದ. ಅವಳು ಪ್ರತಿ ಸಲವೂ ಅದೇ ರಾಗ ಹಾಡಿದಳು. ಬೈಯುತ್ತಲೇ ಅವನ ಹೆಜ್ಜೆ ಸದ್ದಿಗೆ ಕಿವಿಗೊಟ್ಟು ಕೂರುವುದೂ ಶುರುವಾಗಿತ್ತು, ಪಾಪ!

ಎಂಟನೆಯ ಸಲ ಅವನ ಮುಖ ಬಾಡಿತ್ತು.

"ಪಕ್ಕದ ಶೆಡ್ಡಲ್ಲಿ ಫೈಬರ್ ಹಾಕೋಕೆ ಹೇಳಿ ಬಂದೆ. ನಾನು ಬರೋದು ನಿಮಗಿಷ್ಟ ಇಲ್ಲ ಅಂತ ಅರ್ಥ ಆಯ್ತು. ಇನ್ನು ತೊಂದರೆ ಕೊಡಲ್ಲ."

'ಅಯ್ಯೋ, ಹಾಗಲ್ಲ...' ಎಂದು ಅವಳ ಮನಸ್ಸು ಕೂಗಿತು. ಬಾಯಿ ಮಾತ್ರ "ಒಳ್ಳೇದು" ಎಂದಿತು.

ಅವನು ಹೋದ ಮೇಲೆ, ಬಟ್ಟೆ ಕತ್ತರಿಸುತ್ತಿದ್ದ ಅತ್ತಿಗೆ ಕತ್ತರಿ ಕೆಳಗಿಟ್ಟಳು.

"ಸಾಕು ಕಣೇ. ನಿಮ್ಮಣ್ಣ ಹೋಗಿ ನಾಲ್ಕು ವರ್ಷ ಆಯ್ತು."

"ಅಣ್ಣನ ದೋಣಿ ಹೊದಿಕೆಯ ದಾರ ಬಿಸಿಲಿಗೆ ಸತ್ತಿತ್ತು ಅತ್ತಿಗೆ. ನಾನೇ ನೋಡಿದ್ದೆ! ಮುಂದಿನ ತಿಂಗಳು ಹೊಲಿದ್ರಾಯ್ತು ಅಂತ ಅಣ್ಣನ್ನ ಸಮುದ್ರಕ್ಕೆ ಕಳಿಸ್ದೆ. ಗಾಳಿಗೆ ಹರ್ಕೊಂಡು ಹೋಯ್ತು... ಎರಡು ದಿನ ನೆನೆದು, ಚಳಿಗೆ ಸೆಟೆದು..."

"ಗೊತ್ತು. ಹೋದೋನು ನನ್ನ ಗಂಡ. ನಾನೇ ನಿನ್ನ ಬೈಲಿಲ್ಲ, ನೀನ್ಯಾಕೆ ದಿನಾ ಬೈಕೋತೀಯ? ಆ ದೋಣಿಯವರಿಗೆ ಹೋಗಿ ಹೇಳು. ನೀನು ಬಾಯಿ ಬಿಡದೆ ಅವರಿಗೇನು ಕನಸು ಬೀಳುತ್ತಾ?"

ಜಿಟಿಜಿಟಿ ಮಳೆಯಲ್ಲೇ ಅವಳು ದೋಣಿಗಳ ಕಟ್ಟೆಗೆ ಓಡಿದಳು. ಅವನು ಚುಕ್ಕಾಣಿಯ ಪಕ್ಕ ಒಬ್ಬನೇ ನೆನೆಯುತ್ತಾ ಕೂತಿದ್ದ. ಅಣ್ಣನ ಕಥೆಯನ್ನೆಲ್ಲ ಅಳುತ್ತಲೇ ಹೇಳಿದಳು.

"ನನ್ನ ಹೊಲಿಗೆ ಬಿಟ್ಕೊಂಡು ನಿಮಗೂ ಹಾಗೇ ಆದ್ರೆ... ನಾನು ತಡ್ಕೊಳ್ಳಲ್ಲ ರೀ. ನೀವಂದ್ರೆ ನನಗೆ ಅಷ್ಟು ಇಷ್ಟ!"

ಅವನು ಸರಿದು ಪಕ್ಕದಲ್ಲಿ ಅವಳಿಗೆ ಜಾಗ ಮಾಡಿದ.

"ಮೊದಲ ದಿನ ಭಾರ ಬೇಡ ಅಂತಲೇ ಬಟ್ಟೆ ಕೇಳಿದ್ದು. ಆಮೇಲೆ... ಫೈಬರ್ ಇಪ್ಪತ್ತು ವರ್ಷ ಬರುತ್ತಂತೆ. ಬಟ್ಟೆ ಆದ್ರೆ ಆಗಾಗ ಹೊಲಿಸೋಕೆ ನಿಮ್ಮ ಹತ್ರ ಬರಬಹುದಲ್ಲ ಅಂತ..."

ಅವಳಿಗೆ ಅಳು ಇನ್ನೂ ಜಾಸ್ತಿಯಾಯಿತು. ಮೂಗು ಒರೆಸಿಕೊಂಡು, ಕೊರಳಲ್ಲಿದ್ದ ಅಳತೆ ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು.

"ಅಲೆ ಬಡಿಯೋ ಮುಂಭಾಗಕ್ಕಷ್ಟೇ ಫೈಬರ್ ಇರ್ಲಿ, ಅಷ್ಟು ಭಾರ ದೋಣಿ ತಡಿಯುತ್ತೆ. ಪಕ್ಕಕ್ಕೆ, ಹಿಂದಕ್ಕೆ ನಾನು ಹೊಲೀತೀನಿ. ಎಲ್ಲಾ ಎರಡೆರಡು ಹೊಲಿಗೆ."

ಅವನು ಟೇಪಿನ ಜೊತೆ ಅವಳ ಕೈಯನ್ನೂ ಹಿಡಿದುಕೊಂಡ.

"ಇನ್ನೂ ಹೆದರಿಕೆನಾ?"

"ಹೂಂ. ನೀವು ವಾಪಸ್ ಬರೋವರೆಗೂ ಹೋಗಲ್ಲ."

"ಬರ್ತೀನಿ. ಒಂದೇ ಒಂದು ಹೊಲಿಗೆ ಬಿಟ್ಕೊಳ್ಳದಿದ್ರೂ ನಿಮ್ಮ ಹತ್ರ ಬರ್ಲಾ?"

"ಬಿಟ್ಕೊಳ್ಳದಿದ್ರೂ ಬನ್ನಿ."